ಕರೆಂಟ್ ಹೋದರೂ ನಿಲ್ಲದ ಇಂಜಿನ್

ಕೊಪ್ಪದ ನಮ್ಮ ಮನೆಯ ಒಂದು ಕೋಣೆಯಲ್ಲಿ ಗೋಡೆಗುಂಟ ಹಲಗೆ ಹೊಡೆದು ಆಟದ ರೈಲಿನ ಹಳಿ ಹಾಕಿದ್ದೇನೆ. ಆಟದ್ದು ಎಂದರೆ ನನಗೆ ಸಿಟ್ಟು ಬರುತ್ತದೆ, ಆದರೆ ಬೇರೆ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಹಳಿ ಬಾಗಿಲಿಗೂ ಅಡ್ಡ ಬರುವುದರಿಂದ ಅಲ್ಲಿ ಮಾತ್ರ ಎತ್ತಿ ತೆಗೆಯುವ ಹಲಗೆ. ರೈಲು ಓಡುವಾಗ ಅದನ್ನು ಮುಟ್ಟಬಾರದು, ಕರೆಂಟ್ ಹೋದರೆ ತೆಗೆದು ಒಳಗೆ ಬರಬಹುದು ಎಂದು ಹೆಂಡತಿಗೆ ನಾನೇ ಹೇಳಿಕೊಟ್ಟಿದ್ದೆ. ನನ್ನ ಇಂಜಿನ್‌ಗಳಿಗೆ ಕರೆಂಟ್ ಬರುವುದು ಹಳಿಯಿಂದ. ಅದು ಹೋದರೆ ಇದ್ದಲ್ಲೇ ನಿಲ್ಲುತ್ತವೆ. ನಮ್ಮೂರಲ್ಲಿ ಕರೆಂಟ್ ಹೋಗಲಿ ಎಂದು ಕಾಯಬೇಕಾಗಿಯೂ ಇಲ್ಲ.

ಆ ಮಧ್ಯಾಹ್ನ ನರಸಿಂಹರಾಜಪುರದ ನಿವೃತ್ತ ಮೇಷ್ಟ್ರೊಬ್ಬರು ತಾವೇ ಮಾಡಿದ ಹಿತ್ತಾಳೆ ಇಂಜಿನ್ ತಂದಿದ್ದರು. ಅವರ ಊರಿಗೆ ಹಿಂದೆ ಬರುತ್ತಿದ್ದ ಪುಟ್ಟ ರೈಲಿನ ನೆನಪಿಗೆ ಮಾಡಿದ್ದು. ಎರಡು ವರ್ಷದ ಕೆಲಸ. ಈಗ ಅವರ ಕೈ ನಡುಗುತ್ತದೆ, ಇನ್ನೊಂದು ಮಾಡಲಾರರು.

ಇಂಜಿನ್ ಎರಡು ಸುತ್ತು ಚೆನ್ನಾಗಿ ಓಡಿತು. ಮೂರನೆಯದರಲ್ಲಿ ಕರೆಂಟ್ ಹೋಯಿತು. ಕಾಫಿ ತಂದಿದ್ದ ಹೆಂಡತಿ ತಟ್ಟೆಯನ್ನು ಹೊರಗಿನ ಸ್ಟೂಲಿನ ಮೇಲಿಟ್ಟು, ಎಂದಿನಂತೆ ಹಲಗೆ ಎತ್ತಿದಳು.

ಇಂಜಿನ್ ನಿಲ್ಲಲಿಲ್ಲ. ಅದರ ಹೊಟ್ಟೆಯೊಳಗಿನ ಕೆಪ್ಯಾಸಿಟರಿನಲ್ಲಿ ಕರೆಂಟ್ ಉಳಿದಿತ್ತು. ಮೂಲೆ ತಿರುಗಿ ಬಾಗಿಲ ಕಡೆಗೇ ಹೊರಟಿತು. ಮುಂದೆ ಹಳಿಯಿಲ್ಲ, ಕೆಳಗೆ ಸಿಮೆಂಟು ನೆಲ, ನಾನು ಕೋಣೆಯ ಆಚೆ ತುದಿಯಲ್ಲಿ. ಇಲ್ಲದ ಕರೆಂಟಿನ ಸ್ವಿಚ್ಚನ್ನು ಪೆದ್ದನ ಹಾಗೆ ಆರಿಸಿದೆ. ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದು ಕೈ ಚಾಚಿದರು.

"ಕಣ್ಣು ಕಾಣಲ್ವಾ ನಿಂಗೆ?" ಎಂದು ಹೆಂಡತಿಯ ಮೇಲೆ ಕೂಗಿದೆ.

ಅವಳು ಹಲಗೆ ಕೈಬಿಟ್ಟು, ಹಳಿ ಮುಗಿಯುವಲ್ಲಿ ಮುಂಗೈ ಅಡ್ಡ ಹಿಡಿದಳು. ಇಂಜಿನ್ ಬಂದು ಗುದ್ದಿ ನಿಂತಿತು. ಮುಂದಿನ ಎರಡು ಗಾಲಿ ಅಂಚು ದಾಟಿದ್ದವು. ಅವಳ ಕೈ ತರಚಿ ರಕ್ತ ಬಂತು.

"ಕರೆಂಟ್ ಹೋದ್ರೆ ತೆಗಿಬಹ್ದು ಅಂತ ನೀವೇ ಹೇಳಿದ್ದಲ್ವಾ," ಎಂದಳು.

ಮೇಷ್ಟ್ರು ಬಂದು ಇಂಜಿನ್ ಎತ್ತಿಕೊಂಡು ನನ್ನ ಕಡೆ ತಿರುಗಿದರು. "ಇದು ಕರೆಂಟ್ ಹೋದ್ರೂ ಸ್ವಲ್ಪ ದೂರ ಓಡ್ತದೆ ಅಂತ ಮೊನ್ನೆ ಫೋನಲ್ಲೇ ಹೇಳಿದ್ದೆ ಮಾರಾಯ. ಮನೇಲಿ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಅವಳಿಗೆ ಇದೆಲ್ಲ ಯಾಕೆ ಎಂದುಕೊಂಡಿದ್ದೆ. ನಾಚಿಕೆಯಾಯಿತು, ಆದರೂ ತಪ್ಪಾಯಿತು ಎನ್ನದೆ ಬಗ್ಗಿ, ಬಿದ್ದಿದ್ದ ಹಲಗೆ ಎತ್ತಿಕೊಂಡೆ.

ಅವಳು ಕೈ ತೊಳೆದು ಬರುವಷ್ಟರಲ್ಲಿ ಕರೆಂಟ್ ಬಂತು. ನಾನು ಹಲಗೆ ಕೂರಿಸಿ, ಇಂಜಿನ್ನಿಗಾಗಿ ಕೈ ಚಾಚಿದೆ. ಮೇಷ್ಟ್ರು ಕೊಡಲಿಲ್ಲ. ನನ್ನನ್ನು ದಾಟಿ ಹೋಗಿ, "ನೀವೇ ಹಳಿ ಮೇಲಿಡಿ ಅಮ್ಮ," ಎಂದು ಅವಳ ಕೈಗೆ ಕೊಟ್ಟರು.