ಅಂಟಿನ ಹೆಬ್ಬೆಟ್ಟು

ತೀರಿಹೋದ ಅವ್ವನ ತಗಡಿನ ಪೆಟ್ಟಿಗೆ ತೆರೆದೊಡನೆ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಆ ವಾಸನೆಗೇನು ಬರ ಎಂದುಕೊಂಡು, ಹಳೆಯ ರೇಷನ್ ಕಾರ್ಡಿಗಾಗಿ ತಡಕಾಡುತ್ತಲೇ ಇದ್ದೆ. ಕೈಗೆ ಬಂದದ್ದು ಒಂದು ಪೋಸ್ಟ್ ಕಾರ್ಡು. ಮೂಲೆಯಲ್ಲಿ ಕಂದುಬಣ್ಣದ ಹೆಬ್ಬೆಟ್ಟು. ಶಾಯಿಯದಲ್ಲ, ಸೊಪ್ಪಿನ ಅಂಟಿನದು. ವಿಳಾಸ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ: ‘ಚೀನಾ ದೇಶದ ದೊಡ್ಡವರಿಗೆ, ಬೀಜಿಂಗ್.’

ಬರೆದವರು ಪಕ್ಕದ ಹೊಲದ ಮಾವ...

ಆ ವರ್ಷ ಮಳೆಗಾಲದಲ್ಲಿ ಗಡಿಯಲ್ಲಿ ನಮ್ಮ ಸೈನ್ಯವೂ ಅವರ ಸೈನ್ಯವೂ ಎದುರುಬದುರು ನಿಂತಿದ್ದವು. ನನ್ನ ಅಣ್ಣ ಅಲ್ಲೇ ಇದ್ದ. ಹನ್ನೊಂದು ದಿನವಾಗಿತ್ತು ಅವನ ಫೋನು ಬಂದು. ಅವ್ವ ಅನ್ನ ಕಲಸಿಟ್ಟು ಹಾಗೇ ಕೂತಿರುತ್ತಿದ್ದಳು. ನಾನು ಮಾತ್ರ ದಿನವಿಡೀ ಟೀವಿ ಮುಂದೆ ಕೂತು ಯುದ್ಧ ಆಗಲಿ, ಆಗಿಯೇಬಿಡಲಿ ಎಂದು ಕೂಗುತ್ತಿದ್ದೆ. ಭಯಕ್ಕೆ ಅಷ್ಟು ಗಂಟಲಿರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮಾವ ಒಂದು ಕಟ್ಟು ಕಾರ್ಡು ತಂದು, ಯುದ್ಧ ಬೇಡವೆಂದು ಮನೆಗೆರಡರಂತೆ ಬರೆಯತೊಡಗಿದರು. ಒಂದು ದೆಹಲಿಗೆ, ಇನ್ನೊಂದು ಬೀಜಿಂಗಿಗೆ. ಅಂತರಸಂತೆಯ ಸಂತೆಯಲ್ಲಿ, ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಬಸ್‌ಸ್ಟಾಪಿನಲ್ಲಿ ನಿಂತು ಜನರ ಸಹಿ ಕೇಳುತ್ತಿದ್ದರು.

“ಅಲ್ಲಿ ಕನ್ನಡ ಯಾರು ಓದ್ತಾರೆ ಮಾವ?” ಎಂದು ಟೀ ಅಂಗಡಿಯಲ್ಲಿ ಯಾರೋ ರೇಗಿಸಿದರು.

“ಓದ್ಬೇಕು ಅನ್ಸುದ್ರೆ ಓದೋರ್ನ ಉಡುಕ್ಕತಾರೆ ಬುಡು,” ಎಂದರು ಮಾವ. ಆಮೇಲೆ ನನ್ನತ್ತ ತಿರುಗಿ, “ಸೊಪ್ಪು ಬೇಯ್ಸೋ ಬ್ಯಾರನ್ ಒಳ್ಗೆ ಬಿಸಿ ಕೊಳವೆ ಮ್ಯಾಲೆ ಒಂದು ಒಣಗಿದೆಲೆ ಬಿದ್ರೆ ಏನಾಯ್ತದಲಾ? ಇಡೀ ಬ್ಯಾರನ್ನೇ ಉರ್ದೋಯ್ತದೆ. ಗಡಿನೂ ಅಂಗೇ ಕಣ್ಲಾ. ಬಿದ್ಮ್ಯಾಲೆ ನೀರುಯ್ದು ಪ್ರಯೋಜ್ನ ಇಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನಣ್ಣ ಬಂದೂಕು ಹಿಡಿದು ನಿಂತಿದ್ದಾನೆ, ಇವರು ಎದುರಾಳಿಗೆ ಕಾಗದ ಬರೆಯುತ್ತಾರೆ! ಕಾರ್ಡು ಕಿತ್ತು ಹರಿಯಲಿಲ್ಲ ನಾನು. ಅದಕ್ಕಿಂತ ಕೆಟ್ಟದ್ದು ಮಾಡಿದೆ. ಮಾವನ ಬ್ಯಾರನ್ನಿಗೆ ಯಾರೂ ಮುಯ್ಯಾಳು ಹೋಗಬೇಡಿ ಎಂದು ಮನೆಮನೆಗೆ ಹೇಳಿಬಂದೆ.

ನಮ್ಮ ಕಡೆ ಬ್ಯಾರನ್ ತುಂಬುವುದು ಮುಯ್ಯಿಯ ಮೇಲೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮುರಿದ ಸೊಪ್ಪನ್ನು ಅಂದೇ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಇಲ್ಲದಿದ್ದರೆ ಗುಡ್ಡೆಯಲ್ಲೇ ಬಿಸಿಯೇರಿ ಕಪ್ಪಾಗುತ್ತದೆ. ವರ್ಷದ ಬೆಳೆ ಕೈಬಿಟ್ಟಂತೆ.

ಆ ದಿನ ಮಾವನೂ ಅತ್ತೆಯೂ ನಸುಕಿನಲ್ಲೇ ಸೊಪ್ಪು ಮುರಿದು ಬೇವಿನ ಮರದಡಿ ಗುಡ್ಡೆ ಹಾಕಿದ್ದರು. ಹತ್ತು ಗಂಟೆಯಾಯಿತು, ಒಬ್ಬರೂ ಬರಲಿಲ್ಲ. ಹನ್ನೊಂದಾಯಿತು. ನಾನು ನಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಮಾವ ಗುಡ್ಡೆಯೊಳಗೆ ಕೈ ತೂರಿಸಿ ಶಾಖ ನೋಡುತ್ತಿದ್ದರು. ಆಮೇಲೆ ದಾರಿ ನೋಡುತ್ತಿದ್ದರು. ಮತ್ತೆ ಗುಡ್ಡೆಗೆ ಕೈ. ಒಮ್ಮೆ ನನ್ನ ಕಡೆಗೂ ನೋಡಿದರು, ಕರೆಯಲಿಲ್ಲ.

ಆಗ ನನ್ನ ಪಕ್ಕದಲ್ಲೇ ಹಾದುಹೋದವಳು ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಮುಖವನ್ನೂ ನೋಡದೆ. ಸೊಪ್ಪಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಕಡ್ಡಿ ಎಳೆದುಕೊಂಡಳು. ಸೈನಿಕನ ತಾಯಿಯೇ ಕೆಲಸಕ್ಕೆ ಕೂತ ಮೇಲೆ ದೂರ ನಿಲ್ಲಲು ಊರಿಗೇನು ಮುಖ? ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಎಂಟು ಹೆಂಗಸರು ಬಂದು ಕೂತರು. ಅರ್ಧ ಸೊಪ್ಪು ಆಗಲೇ ಕೆಟ್ಟಿತ್ತು, ಅರ್ಧ ಉಳಿಯಿತು. ಕೆಲಸ ಮುಗಿದ ಮೇಲೆ ಅವ್ವ ಕೈ ತೊಳೆಯದೆಯೇ ಮಾವನ ಮುಂದೆ ಹೆಬ್ಬೆರಳು ಚಾಚಿದಳು.

“ಕಾರ್ಡು ಕೊಡಣ್ಣ. ಒತ್ತುತೀನಿ.”

ಎರಡು ವಾರದ ನಂತರ ನಮ್ಮ ಬ್ಯಾರನ್ ತುಂಬುವ ದಿನ. ಬೆಳಕು ಹರಿಯುವ ಮೊದಲೇ ಹೊಲದಲ್ಲಿ ಮಾವ ನಿಂತಿದ್ದರು. “ನಿಮ್ಮವ್ವಂದು ಒಂದಾಳು ಮುಯ್ಯಿ ಐತೆ ಕಣೋ ಅಳಿಮಯ್ಯ,” ಎಂದರು. ದಿನವಿಡೀ ದುಡಿದರು. ಸಂಜೆ ಜೇಬಿನಿಂದ ಈ ಕಾರ್ಡು ತೆಗೆದರು.

“ಊರ್ನೋರ್ದೆಲ್ಲ ವಾಪಸ್ ಬಂದವೆ. ಒರದೇಸಕ್ಕೆ ಈ ಸ್ಟಾಂಪು ಸಾಲ್ದಂತೆ, ನಂಗೇನ್ಲಾ ಗೊತ್ತು? ಒಳ್ಳೇದೇ ಆಯ್ತು. ಅವ್ವನ ಕೆಳ್ಗೆ ನೀನೂ ಒಂದು ಸೈನ್ ಆಕು, ಒಸಾ ಸ್ಟಾಂಪ್ ಅಂಟುಸ್ತೀನಿ.”

“ಆಮ್ಯಾಕೆ ನೋಡುವಾ,” ಎಂದೆ. ನಾಚಿಕೆಗೆ ಮುಖ ಎತ್ತಲಾಗಲಿಲ್ಲ. ಅವರು ಅದನ್ನು ಹಠವೆಂದೇ ತಿಳಿದಿರಬೇಕು.

“ಆಗ್ಲಿ. ಜಾಗ ಬುಟ್ಟಿವ್ನಿ,” ಎಂದು ಕಾರ್ಡನ್ನು ಅವ್ವನ ಕೈಗೆ ಕೊಟ್ಟರು. ಉಳಿದವನ್ನೆಲ್ಲ ಹೊಸ ಸ್ಟಾಂಪು ಹಚ್ಚಿ ಕಳಿಸಿದರಂತೆ.

ಗಡಿ ತಣ್ಣಗಾಯಿತು. ಅಣ್ಣ ರಜೆಗೆ ಬಂದವನು ಮೊದಲು ಹೋದದ್ದು ಮಾವನ ಮನೆಗೆ. ಏನು ಮಾತಾಡಿದರೋ... ನಾನು ಕೇಳಲಿಲ್ಲ. ಮರುವರ್ಷ ಮಾವ ತೀರಿಹೋದರು, ಅವರ ಹಿಂದೆಯೇ ಅತ್ತೆಯೂ. ಈ ಬೇಸಗೆಯಲ್ಲಿ ಅವ್ವನೂ.

ಒಳಗೆ ಟೀವಿ ಮತ್ತೆ ಅದೇ ಕೂಗು ಕೂಗುತ್ತಿದೆ. ಯಾವ ದೇಶವಾದರೇನು, ಗಂಟಲು ಅದೇ. ಇವತ್ತು ಸೊಪ್ಪು ಮುರಿದು ಬಂದು, ಕೈ ತೊಳೆಯದೆ ಕಾರ್ಡಿನ ಮುಂದೆ ಕೂತೆ. ಸಹಿ ಹಾಕಲು ಬರುವವನು ನಾನು, ಆದರೂ ಹೆಬ್ಬೆಟ್ಟನ್ನೇ ಒತ್ತಿದೆ. ಅವರು ಬಿಟ್ಟಿದ್ದ ಜಾಗಕ್ಕೆ ಅದು ಸರಿಯಾಗಿ ಕೂತಿತು. ಮಾವ ಬಂದು ದುಡಿದ ದಿನ ಅವ್ವನ ಮುಯ್ಯಿ ತೀರಿತು. ನನ್ನದು ತೀರಿಸೋಣವೆಂದರೆ ಪಕ್ಕದ ಹೊಲದಲ್ಲಿ ಈಗ ಯಾರೂ ಇಲ್ಲ.