ಸೊಂಟದ ಹೊಲಿಗೆ

ಪ್ಯಾಂಟು ಬಿಗಿಯಾಯಿತೆಂದು ದರ್ಜಿ ಎಂದೂ ತಲೆ ಕೆಡಿಸಿಕೊಂಡವನಲ್ಲ. "ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರು, ಯಾರ ಹಂಗೂ ಬೇಡ" ಎನ್ನುವುದು ಅಪ್ಪನ ಪಾಠ. ದರ್ಜಿಯೇ ಆಗಿದ್ದ ಆ ಅಪ್ಪನೂ ಪಕ್ಕೆ ಹಿಡಿದುಕೊಂಡು, ಆಗಾಗ ತನ್ನ ಸೊಂಟದ ಹೊಲಿಗೆ ಸಡಿಲಿಸಿಕೊಳ್ಳುತ್ತಲೇ ಕಾಲ ಹಾಕಿದವನು. ಪಕ್ಕೆನೋವನ್ನು ಮಿಷನ್ ಮೇಲೆ, ತಲೆನೋವನ್ನು ಗಿರಾಕಿಗಳ ಮೇಲೆ, ಹೊಟ್ಟೆಯನ್ನು ಹೆಂಡತಿಯ ಅಡುಗೆಯ ಮೇಲೆ ಹೊರಿಸಿ ಮಗನೂ ನಿಶ್ಚಿಂತೆಯಿಂದಿದ್ದ.

ಒಂದು ಬೆಳಿಗ್ಗೆ ಮೂತ್ರ ಕೆಂಪಗೆ ಹೋದಾಗ ಮಾತ್ರ ತಪ್ಪು ಹೊರಿಸಲು ಯಾರೂ ಸಿಗಲಿಲ್ಲ. ಹೆಂಡತಿ ಅವನನ್ನು ದಬ್ಬಿಕೊಂಡೇ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. "ನೋಡಿ, ಎರಡೂ ಕಿಡ್ನಿ ತುಂಬ ನೀರಿನ ಗುಳ್ಳೆಗಳು. ಕಿಡ್ನಿ ದೊಡ್ಡದಾಗಿದೆ, ಅದಕ್ಕೇ ಹೊಟ್ಟೆ ಮುಂದೆ ಬಂದಿರೋದು. ಬಿಪಿನೂ ಜಾಸ್ತಿ ಇದೆ. ಇದು ವಂಶದಲ್ಲಿ ಬರೋದು, ನಿಮ್ಮ ತಂದೆಯಿಂದ ಬಂದಿರ್ಬೇಕು."

"ಚೆನ್ನಾಗಾಯ್ತು! ಅಪ್ಪನ ಅಂಗಡಿ ಅಣ್ಣನಿಗೆ, ಗುಳ್ಳೆ ನನಗಾ?"

"ಅಣ್ಣನಿಗೂ ಬಂದಿರಬಹುದು. ಪ್ರತಿಯೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಪೂರ್ತಿ ವಾಸಿಯಾಗಲ್ಲ. ಆದ್ರೆ ಬೇಗ ಗೊತ್ತಾಗಿ ಬಿಪಿ ಹಿಡಿತದಲ್ಲಿಟ್ರೆ ಕಿಡ್ನಿ ಹೆಚ್ಚು ಕಾಲ ಬಾಳುತ್ತೆ."

ಮಾತ್ರೆ ಚೀಟಿಯನ್ನು ಜೇಬಿಗಿಳಿಸಿ ದರ್ಜಿ ಸೀದಾ ಅಣ್ಣನ ಅಂಗಡಿಗೆ ನಡೆದ. ಅಲ್ಲಿ ಅಣ್ಣ ಪಕ್ಕೆಗೆ ದಿಂಬು ಒತ್ತಿಕೊಂಡು, ತನ್ನದೇ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚುತ್ತ ಕುಳಿತಿದ್ದ.

"ಬಾರೋ. ಅಪ್ಪನ ಹೊಟ್ಟೆ ನನಗೂ ಬಂತು ನೋಡು" ಎಂದು ನಕ್ಕ.

ತಮ್ಮ ಅವನ ಕೈಯಿಂದ ಕತ್ತರಿ ಕಿತ್ತುಕೊಂಡ. "ಬಿಚ್ಚಿದ್ದು ಸಾಕು, ಏಳಣ್ಣ. ಈ ಸಲ ಅಳತೆ ಡಾಕ್ಟರಮ್ಮ ತಗೊಳ್ಳಲಿ."