ಆನಂದಪ್ಪನವರು ಕಾಶಿಗೆ ಹಾಕಿದ ದಾರಿ

ನಮ್ಮ ಭಾವ ಆನಂದಪ್ಪನವರ ಬಗ್ಗೆ ನಾನು ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ. ಸ್ವಂತಕ್ಕೆ ಜಂಬಪಡಲು ಏನೂ ಇಲ್ಲದವನು ಅಕ್ಕನ ಗಂಡನ ಮೇಲೆ ಜಂಬಪಟ್ಟುಕೊಂಡರೆ ಯಾರಿಗೇನು ನಷ್ಟ? ನಾನು ಯಲಹಂಕದಲ್ಲಿರುವ ಒಬ್ಬ ಗುಮಾಸ್ತ. ಕಾರು ಕೊಂಡು ಮೂರು ವರ್ಷವಾಯಿತು. ಹೆಬ್ಬಾಳದ ಮೇಲ್ಸೇತುವೆಯ ಯಾವ ಕವಲಿನಲ್ಲಿ ಇಳಿಯಬೇಕೆಂಬುದು ಇವತ್ತಿಗೂ ನನಗೆ ಖಚಿತವಿಲ್ಲ. ಆರ್.ಟಿ. ನಗರದಿಂದ ಮನೆಗೆ ಹೊರಟವನು ಎರಡು ಸಲ ನಾಗವಾರ ನೋಡಿಕೊಂಡು ಬಂದಿದ್ದೇನೆ.

ಭಾವ ನಮ್ಮ ಯಲಹಂಕದ ಮಗ್ಗುಲಲ್ಲೇ ಇರುವ ಸಿಂಗಾಪುರದ ಹಳೆಯ ಕುಳ. ಮೂವತ್ತೆಂಟು ವರ್ಷ ಲಾರಿ ಓಡಿಸಿದವರು. ಯಶವಂತಪುರದ ಮಾರುಕಟ್ಟೆಯಲ್ಲಿ ಹುಣಸೆಹಣ್ಣೋ ಶುಂಠಿಯೋ ತುಂಬಿಕೊಂಡು ಹೊರಟರೆ ನಾಗಪುರ, ಜಬಲ್ಪುರ, ಕಾಶಿ, ಕಾನ್ಪುರ ಎಂದು ಸುತ್ತಿ ಬರುತ್ತಿದ್ದರು. ದಾರಿ ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಕಣ್ಣು ಮುಚ್ಚಿದರೆ ರಸ್ತೆ ಚೆನ್ನಾಗಿ ಕಾಣುತ್ತದಂತೆ.

ಈ ಮೂವತ್ತೆಂಟು ವರ್ಷದಲ್ಲಿ ನಮ್ಮಕ್ಕ ರಾಧಾಮಣಿ ಅವರ ಜೊತೆ ಒಂದು ಸಲವೂ ದೂರ ಹೋದವಳಲ್ಲ. ಈಗ ಮಕ್ಕಳ ಮದುವೆಯೆಲ್ಲ ಮುಗಿದಿದೆ, ಲಾರಿಯೂ ಬೇರೆಯವರ ಪಾಲಾಗಿದೆ. ಕಾಶಿಗೆ ಹೋಗಬೇಕು, ಅದೂ ರಸ್ತೆಯಲ್ಲೇ ಹೋಗಬೇಕು ಎಂದು ಅಕ್ಕ ಹಟ ಹಿಡಿದಳು.

"ವಿಮಾನದಲ್ಲಿ ಹೋಗ್ಬನ್ನಿ ಅಕ್ಕಾ. ಕೂತು ಏಳೋದ್ರೊಳಗೆ ಕಾಶಿ" ಎಂದೆ.

"ಕಾಶಿ ಆಮೇಲೆ ಕಣೋ ವಿಜಿ. ಇವ್ರು ತಿಂಗಳಿಗೆ ಇಪ್ಪತ್ತು ದಿನ ಎಲ್ಲಿರ್ತಿದ್ರೋ ಅದನ್ನ ನೋಡ್ಬೇಕು ನಾನು. ಮೂರು ಮಕ್ಳನ್ನ ಕಟ್ಕೊಂಡು ಸಿವನಿ, ಜಬಲ್ಪುರ, ರೀವಾ ಅಂತ ಬರೀ ಹೆಸರು ಕೇಳ್ಕೊಂಡೇ ಮುದುಕಿ ಆದೆ. ವಿಮಾನದಲ್ಲಿ ಹೋದ್ರೆ ಮೋಡ ಕಾಣುತ್ತೆ, ಅಷ್ಟೆ."

ಕಾರು ನನ್ನದು. ಭಾವನಿಗೆ ಕಣ್ಣಿನ ಪೊರೆ ತೆಗೆಸಿದ್ದರಿಂದ ಚಾಲಕನೂ ನಾನೇ ಎಂದಾಯಿತು. ಒಂದು ಭಾನುವಾರ ಸಿಂಗಾಪುರದ ಅವರ ಮನೆ ಜಗುಲಿಯಲ್ಲಿ ದಾರಿ ಗೊತ್ತುಮಾಡಲು ಕೂತೆವು. ನಾನು ಫೋನು ತೆಗೆದು, "ಇಪ್ಪತ್ತೊಂಬತ್ತು ಗಂಟೆ ಅಂತಿದೆ ಭಾವ" ಎಂದೆ.

"ಅದ್ರಾಗೆ ಉಣ್ಣೋದು ಎಷ್ಟೊತ್ಗೆ ಅಂತ ಏಳ್ತಾಳಾ ಆ ಫೋನ್ನೋಳು? ಮಡಗು ಅತ್ಲಾಗೆ." ಭಾವ ಕಣ್ಣು ಮುಚ್ಚಿದರು. "ನಮ್ ಯಲಹಂಕದ ರೋಡೇ ನೆಟ್ಟಗೆ ನಾಗ್ಪುರಕ್ಕೆ ಓಯ್ತದೆ. ಬೆಳಿಗ್ಗೆ ನಿಮ್ಮಕ್ಕ ಎಡಗಡೆ ಕೂತ್ಕಳ್ಲಿ, ಮಧ್ಯಾಹ್ನದ ಮ್ಯಾಲೆ ಬಲಗಡೆ. ಬಿಸ್ಲು ಬೀಳಾಕಿಲ್ಲ. ಐದ್ರಾಬಾದ್ ಒಳಕ್ಕೆ ಓಗ್ಬ್ಯಾಡ, ಸುತ್ತಿನ ರೋಡು ಇಡಿ. ಆದಿಲಾಬಾದ್ ತಾವ ದಾಲು ಬಿಸಿ ಇರ್ತದೆ. ನಾಗ್ಪುರ ಆದ್ಮ್ಯಾಲೆ ಕಾಡು, ಅದನ್ನ ಬೆಳಕಿರೋವಾಗ್ಲೇ ದಾಟ್ಬೇಕು."

ಬಿಸಿಲನ್ನೂ ಬೇಳೆಯನ್ನೂ ಲೆಕ್ಕಕ್ಕೆ ಹಿಡಿದು ದಾರಿ ಹಾಕುವವರನ್ನು ನಾನು ಅದೇ ಮೊದಲು ನೋಡಿದ್ದು. ಫೋನನ್ನು ನಾಚಿಕೆಯಿಂದ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು.

"ಏನ್ರೀ, ಕರ್ನೂಲು ದಾಟಿದ್ಮೇಲೆ ಬಾತ್‌ರೂಮು ಎಲ್ಲಿದೆ?"

ಭಾವ ಮತ್ತೆ ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದರು. ಅವರ ಕಣ್ಣೊಳಗೆ ಢಾಬಾಗಳಿದ್ದವು, ಪಂಕ್ಚರ್ ಅಂಗಡಿಗಳಿದ್ದವು, ಚಹಾ ಕುದಿಯುವ ಬೋಗುಣಿಗಳಿದ್ದವು. ಆದರೆ ಸಾವಿರದ ಏಳುನೂರು ಕಿಲೋಮೀಟರಿನಲ್ಲಿ ಹೆಂಗಸರಿಗೆಂದು ಇರುವ ಒಂದೇ ಒಂದು ಬಾಗಿಲು ಕಾಣಲಿಲ್ಲ.

"ಬಯಲು ಐತೆ" ಎಂದರು ಕೊನೆಗೆ. "ಒಳ್ಳೇ ಬಯಲು."

ಅಕ್ಕನಿಗೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಏಳಲೇಬೇಕು, ನೀರು ಕುಡಿಯದೆ ಇರುವಂತಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಮಂಡಿ ಸವೆದು ಕುಕ್ಕರುಗಾಲಿನಲ್ಲಿ ಕೂರಲೂ ಆಗುವುದಿಲ್ಲ.

"ಬಯಲು ನಿಮ್ಗೆ" ಎಂದಳು ಅಕ್ಕ. "ನಾನ್ ಬರಲ್ಲ ಬಿಡಿ." ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಮಗೆ ವಾಸಿಯಿತ್ತು. ಒಳಗೆ ಹೋಗಿ ಸೊಪ್ಪು ಬಿಡಿಸುತ್ತಾ ಕೂತಳು.

ನಾನು ಗುಟ್ಟಾಗಿ ಫೋನಿನಲ್ಲಿ ಹುಡುಕಿದೆ. ಆದಿಲಾಬಾದಿನ ಹತ್ತಿರ ಒಂದು ಶೌಚಾಲಯಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದರು. ಚಿತ್ರ ದೊಡ್ಡದು ಮಾಡಿ ನೋಡಿದರೆ ಬಾಗಿಲಿಗೆ ಬೀಗ. ಬೀಗ ಗಟ್ಟಿಯಾಗಿದೆ ಎಂದು ಕೊಟ್ಟ ನಕ್ಷತ್ರಗಳಿರಬೇಕು.

ಮರುದಿನ ಭಾವ ನನ್ನನ್ನೂ ಕರೆದುಕೊಂಡು ಆರ್.ಟಿ. ನಗರಕ್ಕೆ ಹೊರಟರು. ಅಲ್ಲಿ ಸರ್ಫರಾಜ್ ಇದ್ದಾನೆ. ಭಾವನ ಕೈಕೆಳಗೆ ಸ್ಟೇರಿಂಗ್ ಕಲಿತವನು, ಈಗಲೂ ಅದೇ ದಾರಿಯಲ್ಲಿ ಲಾರಿ ಓಡಿಸುತ್ತಾನೆ. ಅವನನ್ನು ಕೇಳಿದರೆ ಅವನೂ "ಬಯಲು ಇದೆಯಲ್ಲ ಅಣ್ಣಾ" ಎಂದ. ಒಳಗಿನಿಂದ ಅವನ ಹೆಂಡತಿ ತರನ್ನುಮ್ ಜೋರಾಗಿ ನಕ್ಕಳು. ಅವಳು ವರ್ಷಕ್ಕೊಮ್ಮೆ ನೆಂಟರಿಷ್ಟರ ಹೆಂಗಸರನ್ನು ಸೇರಿಸಿಕೊಂಡು ವ್ಯಾನಿನಲ್ಲಿ ನಾಗಪುರದ ದರ್ಗಾಕ್ಕೆ ಹೋಗಿ ಬರುವವಳು.

"ಆನಂದಣ್ಣಾ, ನೀವಿಬ್ರೂ ಇಷ್ಟು ವರ್ಷ ಓಡಿಸಿರೋದು ಗಂಡಸ್ರ ರೋಡು. ಬರ್ಕೊಳ್ಳಿ ಈಗ. ಅನಂತಪುರ ಬಿಟ್ಟು ಮೂರನೇ ಪೆಟ್ರೋಲ್ ಬಂಕು, ಹಿಂದ್ಗಡೆ. ಬೀಗದ ಕೈ ಆಫೀಸ್‌ನಲ್ಲಿ ಇಟ್ಕೊಂಡಿರ್ತಾರೆ. ಗಂಡಸ್ರು ಹೋಗಿ ಕೇಳಿದ್ರೆ ಇಲ್ಲ ಅಂತಾರೆ. ಅಕ್ಕಾನೇ ಹೋಗ್ಬೇಕು, ಕೈ ಚಾಚ್ಕೊಂಡು ನಿಂತ್ಬಿಡ್ಬೇಕು. ಮಾತಾಡ್ಬಾರ್ದು."

ನಾನು ಬರೆದುಕೊಂಡೆ. ನಾಗಪುರದವರೆಗೆ ಹದಿನೇಳು ಜಾಗ ಹೇಳಿದಳು. ಎಲ್ಲಿ ಕಮೋಡಿದೆ, ಎಲ್ಲಿ ದೀಪವಿಲ್ಲ, ಎಲ್ಲಿ ಚಿಲಕವಿಲ್ಲದೆ ಒಬ್ಬರು ಹೊರಗೆ ಕಾವಲು ನಿಲ್ಲಬೇಕು, ಎಲ್ಲವನ್ನೂ ಹೇಳಿದಳು.

"ನಾಗ್ಪುರದ ಆಚೆ ನಂಗೊತ್ತಿಲ್ಲ ಅಣ್ಣಾ."

ಆಚೆ ಇನ್ನೂ ಏಳುನೂರೈವತ್ತು ಕಿಲೋಮೀಟರು.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಫೋನು ಮಾಡಿದಳು. "ನಿಮ್ ಭಾವ ಸರ್ಫರಾಜ್ ಲಾರಿ ಹತ್ಕೊಂಡು ಹೋದ್ರಂತೆ ಕಣೋ, ಕಾಶಿಗೆ. ಅದನ್ನೂ ತರನ್ನುಮ್ ಹೇಳಿ ನಂಗೆ ಗೊತ್ತಾಗ್ಬೇಕಾ? ನನ್ನ ಬಿಟ್ಟು ಒಬ್ರೇ ಹೋದ್ರಲ್ಲೋ." ಭಾವನಿಗೆ ಅರವತ್ತೇಳು ವರ್ಷ. ಫೋನು ಮಾಡಿದರೆ "ಗಾಡೀಲಿ ಇವ್ನಿ, ಸದ್ದು" ಎಂದು ಇಟ್ಟುಬಿಡುತ್ತಿದ್ದರು.

ಹನ್ನೊಂದನೆಯ ದಿನ ಬಂದರು. ಗಡ್ಡ ಬೆಳೆದಿತ್ತು, ಕೈಯಲ್ಲಿ ಮಕ್ಕಳು ಬರೆಯುವಂಥ ಗೆರೆಪುಸ್ತಕವಿತ್ತು. ಹಿಂದೆಯೇ ಬಂದ ಸರ್ಫರಾಜ್ ಜಗುಲಿಯಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ.

ನಾಗಪುರ ದಾಟಿದ ಮೇಲೆ ಕಂಡ ಕಂಡ ಬಂಕಿನಲ್ಲೆಲ್ಲ ಭಾವ ಲಾರಿ ನಿಲ್ಲಿಸಲು ಹೇಳಿ ಇಳಿಯುತ್ತಿದ್ದರಂತೆ. ಸಿವನಿಯ ಆಚೆ ಒಂದು ಕಡೆ ಬಿಳಿ ಮೀಸೆಯ ಮುದುಕ ಹೆಂಗಸರ ಬಾತ್‌ರೂಮಿಗೆ ಇಣುಕುವುದನ್ನು ಕಂಡು ಬಂಕಿನವರು ಸುತ್ತುವರಿದರು. ಭಾವನ ಹಿಂದಿ ಲಾರಿಯ ಹಿಂದಿ. ಟಯರಿಗೂ ಚಹಕ್ಕೂ ಸಾಲುತ್ತದೆ, ಈ ವಿಷಯಕ್ಕೆ ಸಾಲದು. ಹೆಂಡತಿಗಾಗಿ ನೋಡುತ್ತಿದ್ದೇನೆ ಎಂದರು. ಹೆಂಡತಿ ಎಲ್ಲಿ ಎಂದು ಬಂಕಿನವರು ಕೇಳಿದರು. ಬೆಂಗಳೂರಿನಲ್ಲಿ ಎಂದರು.

"ಅಣ್ಣಾ ನಿಜ ಹೇಳ್ದ್ರು, ಅದಕ್ಕೇ ಏಟು ಬೀಳೋದ್ರಲ್ಲಿತ್ತು" ಎಂದ ಸರ್ಫರಾಜ್. "ಆಮೇಲೆ ಅಲ್ಲಿ ಕಸ ಗುಡಿಸೋ ಅಮ್ಮ ಒಬ್ರು ಬಂದ್ರು. ಮಂಡಿ ನೋವು, ಸಕ್ಕರೆ ಕಾಯಿಲೆ ಎಲ್ಲಾ ಕೇಳ್ಕೊಂಡ್ರು. ಪೊರಕೆ ಎತ್ಕೊಂಡು ಬಂಕ್‌ನೋರಿಗೇ ಬೈದ್ರು, ನೋಡ್ಬೇಕಿತ್ತು! ನಿಮ್ಮ ಮನೇಲಿ ಯಾರಾದ್ರೂ ಹೆಂಡ್ತಿಗೋಸ್ಕರ ಹಿಂಗೆ ಮಾಡಿದ್ದೀರೇನ್ರೋ ಅಂತ. ಅಣ್ಣನ್ನ ಒಳಕ್ಕೆ ಕರ್ಕೊಂಡೋಗಿ ಅವ್ರೇ ತೋರಿಸಿದ್ರು. ಮುಂದೆ ಎಲ್ಲೆಲ್ಲಿ ಕೇಳ್ಬೇಕು ಅನ್ನೋದನ್ನೂ ಹೇಳಿಕೊಟ್ರು. ಗುಡಿಸೋರನ್ನ ಕೇಳಿ, ಮ್ಯಾನೇಜರ್‌ನ ಕೇಳ್ಬೇಡಿ ಅಂತ."

"ಗಂಗೆ ಸ್ನಾನ ಆಯ್ತಾ ಭಾವ?" ಎಂದು ಕೇಳಿದೆ.

"ಇಲ್ಲ. ಲೋಡು ಊರಾಚೆ ಇಳಿಸಿ ತಿರುಗ್ಕಂಡ್ವಿ." ಅಕ್ಕನ ಕಡೆ ನೋಡದೆ ಹೇಳಿದರು. "ಅದು ಇವ್ಳ ಜೊತೇಲೇ ಆಗ್ಲಿ ಅಂತ."

ಅಕ್ಕ ಅವರ ಕೈಯಿಂದ ಪುಸ್ತಕ ತೆಗೆದುಕೊಂಡು ಕನ್ನಡಕ ಹಾಕಿಕೊಂಡಳು. ಭಾವನ ಕೈಬರಹ ಲಾರಿ ಗುಂಡಿಗೆ ಇಳಿದಂತೆ ಕುಲುಕುತ್ತದೆ. ಊರು, ಬಂಕು, ಚಿಲಕ, ದೀಪ, ಮಗ್ಗು, ಮೆಟ್ಟಿಲು ಎಂದು ಗೆರೆ ಎಳೆದು ಇಪ್ಪತ್ತೆರಡು ಜಾಗ ಬರೆದಿದ್ದರು. ಅಕ್ಕ ಒಂದೊಂದರ ಮೇಲೂ ಬೆರಳಿಟ್ಟು ಓದಿದಳು.

"ಕಟ್ನಿ ಊರಿನ ಬಂಕಲ್ಲಿ ಎರಡು ಮೆಟ್ಲು ಅಂತಿದೆ. ಹಿಡ್ಕೊಳ್ಳೋಕೆ ಏನಾದ್ರೂ ಇದ್ಯಾ?"

"ನಾನಿರ್ತೀನಲ್ಲ."

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಕನ್ನಡಕವನ್ನೇ ಒರೆಸಿದ್ದು ಎಂದು ನಾನು ನಂಬಿದ್ದೇನೆ. "ವಿಜಿ, ಯಾವತ್ತು ಹೊರಡೋದು?" ಎಂದಳು.

ನವೆಂಬರಿನಲ್ಲಿ ಹೊರಟೆವು. ಫೋನು ನಾಲ್ಕು ಸಲ ಬೇರೆ ದಾರಿ ಹೇಳಿತು, ನಾನು ನಾಲ್ಕು ಸಲವೂ ಭಾವನ ಮುಖ ನೋಡಿದೆ. ಅನಂತಪುರದ ಆಚೆ ಅಕ್ಕ ಮಾತಾಡದೆ ಕೈ ಚಾಚಿದಳು, ಬೀಗದ ಕೈ ಬಂತು. ಆಮೇಲೆ ಅವಳು ಭಯ ಬಿಟ್ಟು ಕಿಟಕಿ ನೋಡಲು ಶುರುಮಾಡಿದಳು. "ಇದೇನಾ ನೀವು ಮಳೇಲಿ ಎರಡು ದಿನ ನಿಂತಿದ್ದ ಜಾಗ?", "ಇಲ್ಲೇನಾ ಆ ರೊಟ್ಟಿ ಅಂಗಡಿ?" ಎಂದು ಕೇಳುತ್ತಲೇ ಇದ್ದಳು. ಭಾವ ತಮ್ಮ ಜಮೀನು ತೋರಿಸುವವರ ಹಾಗೆ ಕೈ ಮಾಡಿ ತೋರಿಸುತ್ತಿದ್ದರು.

ಮೂರನೆಯ ದಿನ, ಸಿವನಿ ದಾಟಿದ ಮೇಲೆ, ಚಹದಂಗಡಿಯ ಮುಂದೆ ಕರ್ನಾಟಕದ ಒಂದು ಟೆಂಪೊ ನಿಂತಿತ್ತು. ಬಾಗಲಕೋಟೆಯ ಕಡೆಯಿಂದ ಕಾಶಿಗೆ ಹೊರಟ ಹೆಂಗಸರು. ನಮ್ಮ ನಂಬರು ನೋಡಿ ಅವರಲ್ಲಿ ಹಿರಿಯರೊಬ್ಬರು ಓಡಿಬಂದರು. ಪಾರವ್ವ ಅಂತ ಹೆಸರು.

"ಯಕ್ಕಾ, ಕನ್ನಡದಾರೇನ್ರಿ? ಮುಂಜಾನಿಂದ ಒಂದ ಜಾಗಾ ಸಿಕ್ಕಿಲ್ರಿ ಯವ್ವಾ. ಡ್ರೈವರನ್ನ ಕೇಳಿದ್ರ ಇನ್ನೇನ್ ಬಂತು, ಇನ್ನೇನ್ ಬಂತು ಅಂತಾನ. ಜೀವಾ ಹೋಗಾಕತ್ತೈತಿ."

ಅಕ್ಕ ಕಾರಿನಿಂದ ಇಳಿದಳು. ಸೀರೆ ಸರಿಮಾಡಿಕೊಂಡಳು. ಪುಸ್ತಕ ತೆರೆಯಲೇ ಇಲ್ಲ.

"ಇಲ್ಲಿಂದ ಹದಿನಾಲ್ಕು ಕಿಲೋಮೀಟ್ರು, ಎಡಗಡೆ ಬಂಕು. ಎರಡಿದೆ, ಒಂದು ಕಮೋಡು. ಚಿಲಕ ಗಟ್ಟಿ, ನೀರು ಬರುತ್ತೆ."

"ನೀವು ಮೊದಲ ಹೋಗಿದ್ರೇನ್ರಿ?"

"ನಾನಿಲ್ಲಮ್ಮ." ಅಕ್ಕ ಮುಂದಿನ ಸೀಟಿನ ಕಡೆ ಕೈ ತೋರಿಸಿದಳು. "ನಮ್ಮ ಯಜಮಾನ್ರು ಕೂತು ನೋಡಿದ್ದಾರೆ."

ಹನ್ನೆರಡು ಜನ ಹೆಂಗಸರು ತಿರುಗಿ ಭಾವನನ್ನು ನೋಡಿದರು. ಭಾವ ಮೀಸೆ ತೀಡಿಕೊಳ್ಳಲು ಹೋಗಿ, ಅದು ಈಗ ಸಲ್ಲದೆಂದು ಅನ್ನಿಸಿತೋ ಏನೋ, ಕೈ ಇಳಿಸಿ ನೆಟ್ಟಗೆ ಕೂತರು. ಟೆಂಪೊ ನಮ್ಮ ಬೆನ್ನ ಹಿಂದೆ ಹೊರಟಿತು. ನನ್ನ ಹಿಂದೆ ಒಂದು ಗಾಡಿ ನಂಬಿಕೊಂಡು ಬಂದದ್ದು ನನ್ನ ಜೀವನದಲ್ಲೇ ಅದು ಮೊದಲು.

"ನಿಧಾನಕ್ಕೆ ಓಗ್ಲಾ" ಎಂದರು ಭಾವ. "ಇಂದೆ ಎಣ್ಮಕ್ಳವ್ರೆ."

"ನಿಧಾನಾನಾ?" ಎಂದಳು ಅಕ್ಕ. "ಬೇಗ ಓಡ್ಸೋ ವಿಜಿ. ಈ ಗಂಡಸ್ರಿಗೆ ಏನ್ ಗೊತ್ತಾಗುತ್ತೆ."